ವ್ಯರ್ಥ ಷರತ್ತುಗಳನ್ನು ಕುರಿತು

ಕಿರಿಯರು: ಒಂದು ವಿಷಯದಲ್ಲಿ ತಮ್ಮ ಸಲಹೆ ಬೇಕಾಗಿದೆ, ಸಾರ್. ಲಿನಕ್ಸ್ ಕರ್ನಲ್ಲಿನ ಡ್ರೈವರುಗಳ ಒಂದು ಭಾಗವನ್ನು ಕಾಕ್ಸಿನೆಲ್ ಎಂಬ ತಂತ್ರಾಂಶದಿಂದ ಶೋಧಿಸಿ ನೋಡಿದೆ. ಎಂದಿಗೂ ನಿಜವಾಗದ ಷರತ್ತು, ಎಂದಿಗೂ ಸುಳ್ಳಾಗದ ಷರತ್ತು, ಒಮ್ಮೆ ಕೇಳಿದ್ದನ್ನೇ ಎರಡನೆಯ ಸಲ ಕೇಳುವ ಷರತ್ತು, ಹೀಗೆ ನಿಷ್ಪ್ರಯೋಜಕವಾದವು ಹೇರಳವಾಗಿ ಸಿಕ್ಕಿವೆ. ಇವನ್ನೆಲ್ಲ ತೆಗೆದುಹಾಕುವ ಪ್ಯಾಚುಗಳು ಸಿದ್ಧವಾಗಿವೆ. ಸಾಲುಗಳು ಕಡಮೆಯಾಗುತ್ತವೆ, ಕೋಡು ಶುದ್ಧವಾಗುತ್ತದೆ, ಯಾರಿಗೂ ಬಾಧಕವಿಲ್ಲ. ಕಳುಹಿಸಿಬಿಡಲೆ?

ಹಿರಿಯರು: ಕಳುಹಿಸುವುದಕ್ಕೆ ನನ್ನ ಅಡ್ಡಿಯಿಲ್ಲಮ್ಮ. ಆದರೆ ಆ ಷರತ್ತುಗಳಲ್ಲಿ ಒಂದೊಂದೂ ಅಲ್ಲಿಗೆ ಏತಕ್ಕಾಗಿ ಬಂದಿತು, ಬರೆದವರು ಯಾವ ಸಂದರ್ಭವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಬರೆದರು, ಆ ಸಂದರ್ಭ ಈಗ ಒದಗಲಾರದೆಂಬುದಕ್ಕೆ ಆಧಾರವೇನು ಎಂಬುದನ್ನು ನೀವು ವಿಚಾರಿಸಿ ನಿರ್ಧರಿಸಿದ್ದೀರೋ, ಇಲ್ಲವೆ ಕಾಕ್ಸಿನೆಲ್ ವ್ಯರ್ಥವೆಂದಿತು, ಆದುದರಿಂದ ವ್ಯರ್ಥ ಎಂಬಷ್ಟಕ್ಕೇ ನಿಂತಿದ್ದೀರೋ, ಅದನ್ನು ಮೊದಲು ತಿಳಿಯಬಯಸುತ್ತೇನೆ.

ಕಿರಿಯರು: ಬಹುಪಾಲು ಷರತ್ತುಗಳಿಗೆ ಅಷ್ಟು ವಿಚಾರ ಬೇಕೆಂದು ನನಗೆ ತೋರಲಿಲ್ಲ. ನಿದರ್ಶನಕ್ಕೆ ಒಂದನ್ನು ಹೇಳುತ್ತೇನೆ. ಮೆಮೊರಿಯನ್ನು ಹಿಂದಕ್ಕೆ ಒಪ್ಪಿಸುವ ಕೆಫ್ರೀ ಎಂಬ ಫಂಕ್ಷನ್ನನ್ನು ಕರೆಯುವ ಮೊದಲು, ಪಾಯಿಂಟರ್ ನಲ್ ಅಲ್ಲವಷ್ಟೆ ಎಂದು ಪರೀಕ್ಷಿಸುವ ಸಾಲು ಎಷ್ಟೋ ಡ್ರೈವರುಗಳಲ್ಲಿದೆ. ಆ ಪರೀಕ್ಷೆಯನ್ನು ಕೆಫ್ರೀ ತಾನೇ ಮಾಡಿಕೊಳ್ಳುತ್ತದೆ. ಕರೆಯುವವರೆಲ್ಲರೂ ಮತ್ತೆ ಮಾಡುವುದರಿಂದ ಲಾಭವೇನು?

ಹಿರಿಯರು: ಅದರಲ್ಲಿ ವಿವಾದವಿಲ್ಲ. ಸಿ ಭಾಷೆಯ 1989ರ ಪ್ರಮಾಣಗ್ರಂಥವೇ ಫ್ರೀ ಫಂಕ್ಷನ್ನಿಗೆ ನಲ್ ಪಾಯಿಂಟರನ್ನು ಕೊಟ್ಟಲ್ಲಿ ಅದು ಏನನ್ನೂ ಮಾಡದೆ ಹಿಂದಿರುಗತಕ್ಕದ್ದೆಂದು ವಿಧಿಸಿದೆ. ಕರ್ನಲ್ಲಿನ ಕೆಫ್ರೀಯೂ ಅದೇ ವಿಧಿಯನ್ನು ಪಾಲಿಸುತ್ತದೆ. ಒಂದೆಡೆ ಇರತಕ್ಕ ಹೊಣೆ ನೂರೆಡೆ ಹರಡಿಕೊಂಡಿರುವಾಗ ಅದನ್ನು ಮತ್ತೆ ಅದರ ಸ್ಥಾನಕ್ಕೆ ಸೇರಿಸುವುದು ಒಳ್ಳೆಯ ಕೆಲಸವೇ ಸರಿ. ಅದನ್ನು ಶೋಧಿಸುವ ಸೂತ್ರವೂ ಕರ್ನಲ್ಲಿನ ಕಡತಗಳಲ್ಲೇ ಕಾಕ್ಸಿನೆಲ್ಲಿನ ಇತರ ಸೂತ್ರಗಳ ಜೊತೆಗೆ ಇದೆ. ಇನ್ನೂ ಯಾವುವು ಇವೆ, ಹೇಳಿ.

ಕಿರಿಯರು: ಸಾಧನವನ್ನು ಬಿಟ್ಟುಕೊಡುವಾಗ ಕರೆಯಲ್ಪಡುವ ರಿಮೂವ್ ಎಂಬ ಡ್ರೈವರಿನ ಫಂಕ್ಷನ್ನಿನ ಆರಂಭದಲ್ಲಿ, ತನ್ನ ಖಾಸಗಿ ದತ್ತಾಂಶದ ಪಾಯಿಂಟರ್ ನಲ್ ಆಗಿದ್ದರೆ ಹಿಂದಿರುಗುವಂತೆ ಬರೆದಿರುವ ಷರತ್ತುಗಳಿವೆ. ಸಾಧನವನ್ನು ಮೊದಲು ಸಿದ್ಧಗೊಳಿಸುವ ಪ್ರೋಬ್ ಫಂಕ್ಷನ್ ಸಫಲವಾದ ಹೊರತು ರಿಮೂವ್ ಕರೆಯಲ್ಪಡುವುದೇ ಇಲ್ಲ. ಪ್ರೋಬ್ ಸಫಲವಾಗಿದ್ದರೆ ಆ ಪಾಯಿಂಟರ್ ನಲ್ ಆಗಿರಲಾರದು.

ಹಿರಿಯರು: ಇದು ಕೆಫ್ರೀಯ ವಿಷಯಕ್ಕಿಂತ ಗಂಭೀರವಾದುದು. ಕೆಫ್ರೀಯ ಮುಂದಿನ ಪರೀಕ್ಷೆ ಹೆಚ್ಚೆಂದರೆ ಓದುವವರ ಕಾಲವನ್ನು ತಿನ್ನುತ್ತದೆ. ರಿಮೂವ್ ಫಂಕ್ಷನ್ನಿನ ಪರೀಕ್ಷೆಯಾದರೋ ಓದುವವರಿಗೆ ಒಂದು ಅಸತ್ಯವನ್ನು ಹೇಳುತ್ತದೆ. ಸಾಧನವು ಅರ್ಧ ಸಿದ್ಧವಾಗಿರುವ ಸ್ಥಿತಿಯಲ್ಲಿಯೂ ರಿಮೂವ್ ಬರಬಹುದು, ಆದುದರಿಂದ ಎಚ್ಚರಿಕೆಯಿಂದಿರು ಎಂದು ಅದು ಸೂಚಿಸುತ್ತದೆ. ಮುಂದೆ ಆ ಡ್ರೈವರನ್ನು ತಿದ್ದಲು ಬಂದ ಹೊಸಬರು ಆ ಸೂಚನೆಯನ್ನು ನಂಬಿ, ಅಂಥ ಅರ್ಧಸ್ಥಿತಿಗೆ ತಕ್ಕಂತೆ ಇನ್ನಷ್ಟು ಷರತ್ತುಗಳನ್ನು ಸೇರಿಸುತ್ತಾರೆ. ಅವರ ಹಿಂದೆ ಬಂದವರು ಅವನ್ನೂ ನಂಬುತ್ತಾರೆ. ಇಲ್ಲದ ಸ್ಥಿತಿಯೊಂದರ ಸುತ್ತ ಕೋಡು ಹೀಗೆ ಬೆಳೆಯುತ್ತದೆ. ಷರತ್ತೆಂಬುದು ಕಂಪೈಲರಿಗೆ ಕೊಟ್ಟ ಆಜ್ಞೆಯೆಂದಷ್ಟೇ ತಿಳಿಯಬಾರದು. ಲೋಕದಲ್ಲಿ ಏನೇನು ಸಂಭವಿಸಬಹುದೆಂದು ಬರೆದವರು ನಂಬಿದ್ದರೋ ಅದಕ್ಕೆ ಅವರು ಬಿಟ್ಟುಹೋದ ಸಾಕ್ಷ್ಯವೂ ಅದೇ.

ಕಿರಿಯರು: ಹಾಗಾದರೆ ಸುಳ್ಳು ಸಾಕ್ಷ್ಯವನ್ನು ಅಳಿಸುವುದೇ ನ್ಯಾಯವಲ್ಲವೆ? ನಾನು ಹೇಳುವುದೂ ಅದನ್ನೇ.

ಹಿರಿಯರು: ಅಳಿಸಬೇಕು. ಆದರೆ ಸಾಕ್ಷ್ಯ ಸುಳ್ಳೆಂದು ಗೊತ್ತಾದ ಕೂಡಲೇ ಸಾಕ್ಷಿಯನ್ನು ಹೊರಗೆ ಕಳುಹಿಸಿಬಿಟ್ಟರೆ ಅವನು ಸುಳ್ಳು ಹೇಳಿದ್ದೇಕೆಂಬುದು ಗೊತ್ತಾಗದೆ ಹೋಗುತ್ತದೆ. ಸ್ಟ್ಯಾನ್‌ಫರ್ಡಿನ ಯಿಚೆನ್ ಷಿಯೆ ಮತ್ತು ಡಾಸನ್ ಎಂಗ್ಲರ್ ಎಂಬಿಬ್ಬರು 2002ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಫಲವಿಲ್ಲದೆ ಎರಡು ಬಾರಿ ನಡೆಯುವ ಕ್ರಿಯೆ, ಯಾರೂ ಓದದ ಬೆಲೆಯನ್ನು ಬರೆದಿಡುವುದು, ತಲಪಲಾಗದ ಕೋಡು, ಉತ್ತರ ಮೊದಲೇ ನಿಶ್ಚಿತವಾಗಿರುವ ಷರತ್ತು, ಈ ನಾಲ್ಕು ಬಗೆಯ ವ್ಯರ್ಥತೆಗಳನ್ನು ಅವರು ಲಿನಕ್ಸಿನಲ್ಲಿ ಯಂತ್ರದ ಸಹಾಯದಿಂದ ಹುಡುಕಿದರು. ಅನೇಕ ಕಡೆ ಆ ವ್ಯರ್ಥತೆಯ ಅಡಿಯಲ್ಲಿಯೇ ದೋಷವಿತ್ತು. ಅದಕ್ಕಿಂತಲೂ ಮುಖ್ಯವಾದುದೇನೆಂದರೆ, ವ್ಯರ್ಥತೆಯು ತಾನಾಗಿ ನಿರುಪದ್ರವಿಯಾಗಿದ್ದ ಕಡತಗಳಲ್ಲಿಯೂ ಬಿಡದೆ ಉಳಿದ ಲಾಕು, ನಲ್ ಪಾಯಿಂಟರಿನ ಉಪಯೋಗ ಮೊದಲಾದ ನಿಜವಾದ ದೋಷಗಳು ಇರುವ ಸಂಭವ ಇತರ ಕಡತಗಳಿಗಿಂತ ಹೆಚ್ಚೆಂದು ಅವರು ಕಂಡರು. ಬರೆದವರ ಬುದ್ಧಿ ಎಲ್ಲಿ ಗೊಂದಲಗೊಂಡಿತ್ತೋ ಅಲ್ಲಿ ಎರಡೂ ಒಟ್ಟಿಗೆ ಹುಟ್ಟಿದುವು ಎಂಬುದೇ ಇದರ ತಾತ್ಪರ್ಯವೆಂದು ನಾನು ತಿಳಿದಿದ್ದೇನೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿದೆವೆಂದರೆ, ಅದನ್ನು ಹುಡುಕಲು ಇದ್ದ ಗುರುತನ್ನೂ ನಾವೇ ಕಳೆದಂತಾಯಿತು.

ಕಿರಿಯರು: ಈಗ ಒಂದು ವಿಷಯ ನೆನಪಾಗುತ್ತದೆ. ನನ್ನ ಪಟ್ಟಿಯಲ್ಲಿ ಒಂದು ಷರತ್ತು ಇದೆ; ಅದನ್ನು ಅಳಿಸಲು ಮಾತ್ರ ಮನಸ್ಸು ಒಪ್ಪದೆ ಹಾಗೆಯೇ ಬಿಟ್ಟಿದ್ದೇನೆ. ಪ್ಲಾಟ್‌ಫಾರ್ಮ್ ಗೆಟ್ ಐಆರ್‌ಕ್ಯೂ ಎಂಬ ಫಂಕ್ಷನ್ ಸಾಧನದ ಇಂಟರಪ್ಟ್ ಸಂಖ್ಯೆಯನ್ನು ಕೊಡುತ್ತದೆ. ಆ ಡ್ರೈವರು ಸಂಖ್ಯೆಯನ್ನು ಒಂದು ವೇರಿಯಬಲ್ಲಿನಲ್ಲಿ ಇಟ್ಟುಕೊಂಡು, ಅದು ಸೊನ್ನೆಗಿಂತ ಕಡಮೆಯಾಗಿದ್ದರೆ ದೋಷವೆಂದು ಹಿಂದಿರುಗುತ್ತದೆ. ಆದರೆ ವೇರಿಯಬಲ್ಲನ್ನು ಅನ್‌ಸೈನ್ಡ್ ಎಂದು ಘೋಷಿಸಿದ್ದಾರೆ. ಋಣಸಂಖ್ಯೆಯನ್ನು ಹಿಡಿಯಲಾರದ ಪಾತ್ರೆ ಅದು. ಆದುದರಿಂದ ಷರತ್ತು ಎಂದೆಂದಿಗೂ ನಿಜವಾಗಲಾರದು. ತರ್ಕದ ಪ್ರಕಾರ ಅಳಿಸತಕ್ಕದ್ದೇ.

ಹಿರಿಯರು: ಒಪ್ಪದೆ ಇದ್ದದ್ದು ಒಳ್ಳೆಯದಾಯಿತು. ಅಳಿಸಿದರೂ ಯಂತ್ರದ ಪಾಲಿಗೆ ಏನೂ ವ್ಯತ್ಯಾಸವಿಲ್ಲ, ಕಂಪೈಲರು ಆಗಲೇ ಅದನ್ನು ಕೈಬಿಟ್ಟಿರುತ್ತದೆ. ಆದರೆ ಅಲ್ಲಿ ಏನು ನಡೆಯುತ್ತಿದೆ ಎಂದು ನೋಡೋಣ. ಇಂಟರಪ್ಟ್ ಕಂಟ್ರೋಲರಿನ ಡ್ರೈವರು ಇನ್ನೂ ಬಂದಿಲ್ಲವೆನ್ನಿ. ಆಗ ಆ ಫಂಕ್ಷನ್ನು ಋಣ 517ನ್ನು ಕೊಡುತ್ತದೆ. ಸ್ವಲ್ಪ ತಾಳು, ಆಮೇಲೆ ಮತ್ತೆ ಪ್ರಯತ್ನಿಸು ಎಂಬುದು ಅದರ ಅರ್ಥ. ಡ್ರೈವರು ಅದನ್ನು ಹಾಗೆಯೇ ಮೇಲಕ್ಕೆ ಒಪ್ಪಿಸಿದ್ದರೆ ಕರ್ನಲ್ಲು ಪ್ರೋಬನ್ನು ಮುಂದೂಡಿ, ಕಂಟ್ರೋಲರು ಬಂದ ಮೇಲೆ ಮತ್ತೊಮ್ಮೆ ಕರೆಯುತ್ತಿತ್ತು. ಆದರೆ 32 ಬಿಟ್ಟಿನ ಅನ್‌ಸೈನ್ಡ್ ವೇರಿಯಬಲ್ಲಿನೊಳಗೆ ಋಣ 517 ಎಂಬುದು 4294966779 ಆಗಿ ಕುಳಿತುಕೊಳ್ಳುತ್ತದೆ. ಷರತ್ತು ಅದನ್ನು ತಡೆಯುವುದಿಲ್ಲ. ಡ್ರೈವರು ಅಂಥದೊಂದು ಇಂಟರಪ್ಟ್ ಬೇಕೆಂದು ಕೇಳುತ್ತದೆ, ಅದು ದೊರೆಯುವುದಿಲ್ಲ, ಬೇರೆಯೇ ಒಂದು ದೋಷಸಂಖ್ಯೆಯೊಡನೆ ಪ್ರೋಬ್ ವಿಫಲವಾಗುತ್ತದೆ. ಮುಂದೂಡತಕ್ಕದ್ದೆಂಬ ಸಮಾಚಾರವು ದಾರಿಯಲ್ಲಿ ಕಳೆದುಹೋದುದರಿಂದ ಮತ್ತೆ ಕರೆಯುವವರಿಲ್ಲ. ಬಳಕೆದಾರರ ಸಾಧನ ಕೆಲವು ಸಲ ಬೂಟ್ ಆದಾಗ ಕೆಲಸಮಾಡುತ್ತದೆ, ಕೆಲವು ಸಲ ಮಾಡುವುದಿಲ್ಲ. ಇಲ್ಲಿ ಷರತ್ತು ಸರಿಯಾಗಿಯೇ ಇದೆ, ಅದನ್ನು ವ್ಯರ್ಥಗೊಳಿಸಿದ್ದು ಮೂರು ಸಾಲು ಮೇಲಿನ ಘೋಷಣೆ. ತಿದ್ದತಕ್ಕದ್ದು ಅಲ್ಲಿ.

ಕಿರಿಯರು: ಅನ್‌ಸೈನ್ಡ್ ಎಂಬ ಮಾತನ್ನು ತೆಗೆದು ಇಂಟ್ ಎಂದಷ್ಟೇ ಮಾಡಿದರೆ ಸಾಕು.

ಹಿರಿಯರು: ಅಷ್ಟೇ ಸಾಕು. ನಮ್ಮ ವೈಯಾಕರಣರ ವಿಷಯ ನಿಮಗೆ ತಿಳಿದಿರಬಹುದು. ಪಾಣಿನಿಯ ಸೂತ್ರಗಳಲ್ಲಿ ಒಂದು ಪದ ವ್ಯರ್ಥವಾಗಿ ಕಂಡಾಗ ವ್ಯಾಖ್ಯಾನಕಾರರು ಅದನ್ನು ಒಡನೆಯೇ ಕಳೆದುಹಾಕಲು ಹೊರಡುವುದಿಲ್ಲ. ಅಷ್ಟು ಸಂಕ್ಷೇಪವಾಗಿ ಬರೆದ ಆಚಾರ್ಯನು ಈ ಒಂದು ಪದವನ್ನು ಹೆಚ್ಚಾಗಿ ಏಕೆ ಇಟ್ಟನು ಎಂದು ಕೇಳಿ, ಎಲ್ಲಿಯೂ ಬಾಯಿಬಿಟ್ಟು ಹೇಳದ ನಿಯಮವೊಂದನ್ನು ಅದು ಜ್ಞಾಪಿಸುತ್ತದೆಂದು ನಿರ್ಣಯಿಸುತ್ತಾರೆ. ಅದಕ್ಕೆ ಜ್ಞಾಪಕವೆಂದೇ ಹೆಸರು. ಡ್ರೈವರು ಬರೆಯುವವರು ಪಾಣಿನಿಯಲ್ಲ. ಅವರಿಂದ ಪ್ರಮಾದಗಳಾಗುತ್ತವೆ, ಗಡುವು ಸಮೀಪಿಸಿರುತ್ತದೆ, ಒಂದು ಡ್ರೈವರಿನಿಂದ ಇನ್ನೊಂದಕ್ಕೆ ಸಾಲುಗಳನ್ನು ಹಾಗೆಯೇ ಎತ್ತಿಕೊಂಡಿರುತ್ತಾರೆ. ಆದುದರಿಂದ ಅಲ್ಲಿನ ವ್ಯರ್ಥತೆಯು ಗೂಢವಾದ ನಿಯಮಕ್ಕೆ ಬದಲಾಗಿ ಗೂಢವಾದ ದೋಷವನ್ನು ಜ್ಞಾಪಿಸುವುದುಂಟು. ಆದರೆ ಪ್ರಶ್ನಿಸುವ ಕ್ರಮ ಒಂದೇ. ಇಫ್ ಭಾಗದಲ್ಲಿಯೂ ಎಲ್ಸ್ ಭಾಗದಲ್ಲಿಯೂ ಒಂದೇ ಸಾಲು ಇರುವುದನ್ನು ಕಾಕ್ಸಿನೆಲ್ ತೋರಿಸಿಕೊಟ್ಟಾಗ, ಎರಡನ್ನೂ ಕೂಡಿಸಿ ಒಂದು ಮಾಡುವುದು ಅತ್ಯಂತ ಸುಲಭ. ಆ ಡ್ರೈವರು ನಡೆಸುವ ಯಂತ್ರದ ಎರಡು ಆವೃತ್ತಿಗಳಿಗೆ ಎರಡು ಬೆಲೆಗಳನ್ನು ಬರೆಯಬೇಕೆಂದು ಹೊರಟವರು ಎರಡನೆಯದನ್ನು ಬದಲಾಯಿಸಲು ಮರೆತರೋ ಎಂದು ತಯಾರಕರ ಕೈಪಿಡಿಯನ್ನು ತೆರೆದು ನೋಡುವುದು ಶ್ರಮದ ಕೆಲಸ.

ಕಿರಿಯರು: ಪ್ರತಿಯೊಂದಕ್ಕೂ ಹೀಗೆ ವಿಚಾರಣೆ ನಡೆಸುತ್ತಾ ಕುಳಿತರೆ ಶುದ್ಧೀಕರಣವೇ ಮುಗಿಯುವುದಿಲ್ಲ. ಕಂಪೈಲರಿಗೇ ಬಿಟ್ಟುಬಿಡಬಾರದೇಕೆ? ವ್ಯರ್ಥವಾದುದನ್ನು ಅದು ಹೇಗೂ ಅಳಿಸುತ್ತದೆ. ಮೂಲದಲ್ಲಿ ಇದ್ದರೆ ಇರಲಿ ಎನ್ನುವವರೂ ಇದ್ದಾರೆ.

ಹಿರಿಯರು: ಆ ಮಾತನ್ನು ಹೇಳುವವರಿಗೆ 2009ರ ಟನ್ ಡ್ರೈವರಿನ ವೃತ್ತಾಂತವನ್ನು ತಿಳಿಸಬೇಕು. ಕಲ್ಪಿತ ಜಾಲಸಾಧನವೊಂದನ್ನು ನಿರ್ಮಿಸಿಕೊಡುವ ಡ್ರೈವರು ಅದು. ಖಾಸಗಿ ಜಾಲಸಂಪರ್ಕದ ತಂತ್ರಾಂಶಗಳಲ್ಲಿ ಹಲವು ಅದರ ಮೇಲೆ ನಿಂತಿವೆ. ಲಿನಕ್ಸ್ 2.6.30ರಲ್ಲಿದ್ದ ಅದರ ಪೋಲ್ ಫಂಕ್ಷನ್ನಿನಲ್ಲಿ, ಟನ್ ಎಂಬ ಪಾಯಿಂಟರಿನ ಒಳಗಿಂದ ಸಾಕೆಟ್ಟಿನ ವಿಳಾಸವನ್ನು ಮೊದಲ ಸಾಲುಗಳಲ್ಲಿಯೇ ತೆಗೆದುಕೊಂಡು, ಅನಂತರ ಆ ಟನ್ ನಲ್ ಆಗಿದ್ದರೆ ದೋಷಸೂಚನೆಯೊಡನೆ ಹಿಂದಿರುಗು ಎಂದು ಬರೆದಿತ್ತು. ಪಾಯಿಂಟರನ್ನು ಉಪಯೋಗಿಸಿದ ಮೇಲೆ ಅದನ್ನು ಪರೀಕ್ಷಿಸಿದ್ದರು. ಜಿಸಿಸಿ ಕಂಪೈಲರು ಹೀಗೆ ತರ್ಕಿಸಿತು. ಪಾಯಿಂಟರಿನ ಒಳಗನ್ನು ಆಗಲೇ ಓದಲಾಗಿದೆ. ನಲ್ ಪಾಯಿಂಟರಿನ ಒಳಗನ್ನು ಓದುವುದು ಭಾಷೆಯ ವಿಧಿಗೆ ವಿರುದ್ಧ. ಆದುದರಿಂದ ಈ ಪಾಯಿಂಟರು ನಲ್ ಆಗಿರಲಾರದು. ಆದುದರಿಂದ ಮುಂದಿನ ಷರತ್ತು ವ್ಯರ್ಥ. ಹಾಗೆಂದು ಅದನ್ನು ಅಳಿಸಿತು.

ಕಿರಿಯರು: ಭಾಷೆಯ ವಿಧಿಯ ಪ್ರಕಾರ ಅದು ಮಾಡಿದ್ದರಲ್ಲಿ ತಪ್ಪಿಲ್ಲ.

ಹಿರಿಯರು: ತಪ್ಪಿಲ್ಲ. ಆದರೆ ಪರಿಣಾಮವೇನಾಯಿತು? ಸಾಮಾನ್ಯವಾಗಿ ನಲ್ ವಿಳಾಸವನ್ನು ಓದಿದರೆ ಕರ್ನಲ್ಲು ಅಲ್ಲಿಯೇ ಕುಸಿಯುತ್ತದೆ, ಹೆಚ್ಚಿನ ಹಾನಿಗೆ ಅವಕಾಶವಿಲ್ಲ. ಆದರೆ ಸೊನ್ನೆಯ ವಿಳಾಸಕ್ಕೆ ತನ್ನದೇ ಮೆಮೊರಿಯನ್ನು ಜೋಡಿಸಿಕೊಳ್ಳಲು ದಾರಿ ಕಂಡುಕೊಂಡವನಿಗೆ ಆ ಓದು ಸಲೀಸಾಗಿ ನಡೆದುಹೋಗುತ್ತದೆ. ಷರತ್ತು ಉಳಿದಿದ್ದರೆ ಆಗಲಾದರೂ ಅವನನ್ನು ಹಿಂದಕ್ಕೆ ಕಳುಹಿಸುತ್ತಿತ್ತು. ಅದು ಇಲ್ಲದಿದ್ದುದರಿಂದ, ಅವನು ಸೊನ್ನೆಯ ವಿಳಾಸದಲ್ಲಿ ಬರೆದಿಟ್ಟದ್ದನ್ನು ಕರ್ನಲ್ಲು ತನ್ನದೆಂದೇ ನಂಬಿ ಮುಂದುವರಿಯಿತು. ಬ್ರಾಡ್ ಸ್ಪೆಂಗ್ಲರ್ ಎಂಬವರು ಆ ವರ್ಷದ ಜುಲೈ ತಿಂಗಳಲ್ಲಿ ಈ ದಾರಿಯಿಂದ ಇಡೀ ಯಂತ್ರದ ಒಡೆತನ ಪಡೆಯಬಹುದೆಂಬುದನ್ನು ಕಾರ್ಯರೂಪದಲ್ಲಿಯೇ ತೋರಿಸಿದರು. ಕರ್ನಲ್ಲಿನವರು ಡ್ರೈವರಿನಲ್ಲಿ ಪರೀಕ್ಷೆಯನ್ನು ಮೇಲಕ್ಕೆ, ಉಪಯೋಗವನ್ನು ಕೆಳಕ್ಕೆ ತಂದರು. ಅಷ್ಟಕ್ಕೇ ನಿಲ್ಲದೆ, ನಲ್ ಪರೀಕ್ಷೆಗಳನ್ನು ಹೀಗೆ ಅಳಿಸಕೂಡದೆಂದು ಕಂಪೈಲರಿಗೆ ನಿರ್ದೇಶಿಸುವ ಆಯ್ಕೆಯನ್ನು ಇಡೀ ಕರ್ನಲ್ಲಿಗೇ ಅನ್ವಯಿಸಿದರು. ನೀವು ಹೇಳಿದ ಹಾಗೆ, ಇದ್ದರೆ ಇರಲಿ ಎಂದು ಮೂಲದಲ್ಲಿ ಬಿಟ್ಟ ಷರತ್ತು ನಿಜವಾಗಿಯೂ ಇದೆಯೆಂದು ಓದುವವರು ನಂಬಿಕೊಂಡಿರುತ್ತಾರೆ, ಓಡುವ ಯಂತ್ರದಲ್ಲಿ ಅದು ಇರುವುದಿಲ್ಲ. ಆ ಅಂತರದಲ್ಲಿ ಅಪಾಯ ಸೇರಿಕೊಳ್ಳುತ್ತದೆ.

ಕಿರಿಯರು: ಆದರೂ ನನಗೆ ತೋರುವುದು ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ನಿರ್ಣಯ, ಸಾರ್. ಕೆಲವು ಷರತ್ತುಗಳು ಮೊದಲು ಸಾರ್ಥಕವಾಗಿದ್ದು ಕಾಲಕ್ರಮದಲ್ಲಿ ವ್ಯರ್ಥವಾದವು. ಅಲ್ಲಿ ಯಾರ ಬುದ್ಧಿಯೂ ಗೊಂದಲಗೊಂಡಿರಲಿಲ್ಲ. ಗಡಿಯಾರದ ಸಂಜ್ಞೆಯನ್ನು ಕೊಡುವ ಕ್ಲಾಕ್ ಕೆಲವು ಬೋರ್ಡುಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇದೆಯೋ ಇಲ್ಲವೋ ಎಂದು ಹಿಂದೆ ಪ್ರತಿಯೊಂದು ಡ್ರೈವರೂ ಹೆಜ್ಜೆಹೆಜ್ಜೆಗೆ ಕೇಳಿಕೊಳ್ಳಬೇಕಾಗಿತ್ತು. 2019ರಲ್ಲಿ ಐಚ್ಛಿಕವಾದ ಕ್ಲಾಕನ್ನು ಕೇಳಿ ಪಡೆಯುವ ಫಂಕ್ಷನ್ ಬಂದಿತು. ಇಲ್ಲದಿದ್ದರೆ ಅದು ನಲ್ ಕೊಡುತ್ತದೆ, ಆ ನಲ್ಲನ್ನು ಚಾಲೂ ಮಾಡು ಎಂದರೂ ನಿಲ್ಲಿಸು ಎಂದರೂ ಕ್ಲಾಕಿನ ಚೌಕಟ್ಟು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಅಂದಿನಿಂದ ಹಳೆಯ ಷರತ್ತುಗಳೆಲ್ಲ ನಿರುದ್ಯೋಗಿಗಳಾದವು. ಇಂಥವನ್ನು ಯಂತ್ರವೇ ಹುಡುಕಿ ಯಂತ್ರವೇ ಬದಲಾಯಿಸಿದರೆ ಸಾಲದೆ? ಕಾಕ್ಸಿನೆಲ್ ಹುಟ್ಟಿದ್ದೇ ಇದಕ್ಕಾಗಿಯಲ್ಲವೆ?

ಹಿರಿಯರು: ಇದು ಬಲವಾದ ಆಕ್ಷೇಪ; ಒಪ್ಪತಕ್ಕದ್ದು. ಜೂಲಿಯಾ ಲಾವಲ್ ಮತ್ತು ಅವರ ಸಂಗಡಿಗರು ಆ ತಂತ್ರಾಂಶವನ್ನು ನಿರ್ಮಿಸಿದ್ದು, ಕರ್ನಲ್ಲಿನ ಒಳಗೆ ಒಂದು ಫಂಕ್ಷನ್ನಿನ ರೀತಿ ಬದಲಾದಾಗ ಅದನ್ನು ಅವಲಂಬಿಸಿದ ನೂರಾರು ಡ್ರೈವರುಗಳನ್ನು ಅದಕ್ಕೆ ಹೊಂದಿಸುವ ಕಾರ್ಯ ಮನುಷ್ಯರ ಕೈಯಲ್ಲಿ ಅರ್ಧಂಬರ್ಧವಾಗುವುದನ್ನು ಕಂಡು. ಅವರ 2008ರ ಪ್ರಬಂಧದ ಶೀರ್ಷಿಕೆಯಲ್ಲಿಯೇ ಡ್ರೈವರುಗಳ ಪ್ರಸ್ತಾಪವಿದೆ. ಕಾಲದಿಂದ ವ್ಯರ್ಥವಾದವನ್ನು ಯಂತ್ರಕ್ಕೆ ಒಪ್ಪಿಸಿ. ಏಕೆ ವ್ಯರ್ಥವಾಯಿತೆಂಬುದಕ್ಕೆ ಅಲ್ಲಿ ನಿರ್ದಿಷ್ಟವಾದ ಒಂದು ಬದಲಾವಣೆಯನ್ನು ತೋರಿಸಬಹುದು. ಹುಟ್ಟಿದಾಗಿನಿಂದಲೇ ವ್ಯರ್ಥವಾಗಿದ್ದವನ್ನು ಮಾತ್ರ ಕಣ್ಣಿಟ್ಟು ಓದಿ. ಬದಲಾವಣೆಗಳ ದಾಖಲೆಯಿಡುವ ಗಿಟ್ಟಿನ ಇತಿಹಾಸದಲ್ಲಿ ಷರತ್ತು ಬಂದ ದಿನವನ್ನು ನೋಡಿದರೆ ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ.

ಕಿರಿಯರು: ಮೂರನೆಯ ಜಾತಿಯೊಂದು ಇರಬಹುದು. ವ್ಯರ್ಥವಾಗಿ ಕಂಡರೂ ವ್ಯರ್ಥವಲ್ಲದವು.

ಹಿರಿಯರು: ಡ್ರೈವರುಗಳಲ್ಲಿ ಅದು ವಿಶೇಷವಾಗಿ ಇದೆ, ಏಕೆಂದರೆ ಡ್ರೈವರಿನ ಒಂದು ಕಡೆ ಕೋಡು, ಇನ್ನೊಂದು ಕಡೆ ಲೋಹ ಮತ್ತು ವಿದ್ಯುತ್ತು. ರಿಜಿಸ್ಟರೊಂದರಲ್ಲಿ ಕೆಲವು ಬಿಟ್ಟುಗಳು ಯಾವಾಗಲೂ ಸೊನ್ನೆಯೆಂದು ಕೈಪಿಡಿ ಹೇಳುತ್ತದೆ. ಡ್ರೈವರು ಆ ರಿಜಿಸ್ಟರನ್ನು ಓದಿ, ಬಂದ ಬೆಲೆಯಲ್ಲಿ ಎಲ್ಲ ಬಿಟ್ಟುಗಳೂ ಒಂದು ಆಗಿದ್ದರೆ ಕೆಲಸ ನಿಲ್ಲಿಸುತ್ತದೆ. ಕೈಪಿಡಿಯನ್ನು ಹಿಡಿದು ನೋಡುವವರಿಗೆ ಇದು ಅಸಂಭವವಾದ ಷರತ್ತು. ಆದರೆ ಪಿಸಿಐ ಬಸ್ಸಿನಿಂದ ಸಾಧನವನ್ನೇ ಕಿತ್ತುಕೊಂಡಿದ್ದರೆ, ಉತ್ತರ ಕೊಡುವವರಿಲ್ಲದ ಆ ಓದಿಗೆ ಎಲ್ಲವೂ ಒಂದೆಂಬ ಬೆಲೆಯೇ ಬರುತ್ತದೆ. ಸಾಧನ ಇದ್ದಾಗ ಎಂದಿಗೂ ನಿಜವಾಗದ ಷರತ್ತು, ಸಾಧನವೇ ಇಲ್ಲವೆಂಬುದನ್ನು ಹೇಳಲು ಇದೆ. ಅದೇ ರೀತಿ, ಲಾಕು ಹಿಡಿಯುವ ಮೊದಲು ಒಮ್ಮೆ, ಹಿಡಿದ ಮೇಲೆ ಮತ್ತೊಮ್ಮೆ ಒಂದೇ ಪ್ರಶ್ನೆಯನ್ನು ಕೇಳುವ ಕೋಡನ್ನು ನೋಡಿ. ಲಾಕಿಗಾಗಿ ಕಾಯುತ್ತಿದ್ದ ಕ್ಷಣದಲ್ಲಿ ಇನ್ನೊಂದು ಪ್ರೊಸೆಸರು ಉತ್ತರವನ್ನು ಬದಲಾಯಿಸಿರಬಹುದು. ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ.

ಕಿರಿಯರು: ಈ ಡ್ರೈವರುಗಳು ನಡೆಸುವ ಯಂತ್ರಗಳು ನನ್ನ ಬಳಿ ಇಲ್ಲವೆಂಬುದೇ ನನ್ನ ದೊಡ್ಡ ಚಿಂತೆ. ಪ್ಯಾಚು ಕಂಪೈಲ್ ಆಗುತ್ತದೆಂದು ಮಾತ್ರ ನಾನು ಹೇಳಬಲ್ಲೆ.

ಹಿರಿಯರು: ಅದನ್ನೇ ಮರೆಮಾಡದೆ ಬರೆಯಿರಿ, ಕಂಪೈಲ್ ಮಾತ್ರ ಮಾಡಿ ನೋಡಿದೆ ಎಂದು. ನಿರ್ವಾಹಕರ ಬಳಿ ಯಂತ್ರವಿದ್ದರೆ ಅವರು ನೋಡುತ್ತಾರೆ. ಇನ್ನೊಂದು ಭಾರವನ್ನೂ ನೆನಪಿನಲ್ಲಿಡಬೇಕು. ನೀವು ಇಂದು ನಾಲ್ಕು ಸಾಲು ತೆಗೆದರೆ, ಅದೇ ಜಾಗದಲ್ಲಿ ನಾಳೆ ಬರುವ ನಿಜವಾದ ದೋಷಪರಿಹಾರವು ಹಳೆಯ ಸ್ಥಿರ ಆವೃತ್ತಿಗಳಿಗೆ ನೇರವಾಗಿ ಅಂಟಿಕೊಳ್ಳುವುದಿಲ್ಲ. ಅವನ್ನು ನೋಡಿಕೊಳ್ಳುವವರು ಕೈಯಿಂದ ಹೊಂದಿಸಬೇಕಾಗುತ್ತದೆ. ಬೇರೆ ಕಾರ್ಯದ ಸಂಬಂಧವಿಲ್ಲದ ಬರಿಯ ಶುದ್ಧೀಕರಣದ ಪ್ಯಾಚುಗಳಿಗೆ ಪ್ರೋತ್ಸಾಹವಿಲ್ಲವೆಂದು ಜಾಲವಿಭಾಗದ ನಿರ್ವಾಹಕರು ತಮ್ಮ ನಿಯಮಗಳಲ್ಲಿಯೇ ಬರೆದುಕೊಂಡಿರುವುದು ಈ ಕಾರಣದಿಂದ. ಅವರ ಕಾಲಕ್ಕೂ ಬೆಲೆಯಿದೆ.

ಕಿರಿಯರು: ಆ ನಿಯಮವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬೇರೆ ಕಾರ್ಯಕ್ಕಾಗಿ ಯಾರಾದರೂ ಬರುವ ತನಕ ಕಾಯುವುದಾದರೆ, ಯಾರೂ ಮುಟ್ಟದ ಡ್ರೈವರುಗಳಲ್ಲಿ ಆ ಸುಳ್ಳು ಸಾಕ್ಷ್ಯಗಳು ಶಾಶ್ವತವಾಗಿ ಉಳಿಯುತ್ತವೆ. ಹೊಸಬರು ಮಾದರಿಯೆಂದು ನಕಲು ಮಾಡಿಕೊಳ್ಳುವುದು ಅವುಗಳಿಂದಲೇ.

ಹಿರಿಯರು: ನಕಲಿನ ವಿಷಯದಲ್ಲಿ ನಿಮ್ಮ ಮಾತು ಸತ್ಯ, ಅದಕ್ಕೆ ನನ್ನಲ್ಲಿ ಪೂರ್ಣವಾದ ಸಮಾಧಾನವಿಲ್ಲ. ಆದರೂ ಕ್ರಮವನ್ನು ಬದಲಾಯಿಸಬಹುದು. ಆ ಅನ್‌ಸೈನ್ಡ್ ವೇರಿಯಬಲ್ಲಿನ ಪ್ಯಾಚನ್ನು ಮೊದಲು ಒಂದೇ ಒಂದಾಗಿ ಕಳುಹಿಸಿ. ಅದು ದೋಷಪರಿಹಾರ, ದೋಷವನ್ನು ತಂದ ಮೂಲ ಬದಲಾವಣೆಯನ್ನು ಹೆಸರಿಸುವ ಫಿಕ್ಸಸ್ ಸಾಲನ್ನು ಅದಕ್ಕೆ ಸೇರಿಸಿ, ಋಣ 517 ಹೇಗೆ ಕಳೆದುಹೋಗುತ್ತದೆಂಬುದನ್ನು ಸಂದೇಶದಲ್ಲಿ ಬಿಡಿಸಿ ಬರೆಯಿರಿ. ಉಳಿದವಕ್ಕೆ ಫಿಕ್ಸಸ್ ಸಾಲು ಸಲ್ಲದು.

ಕಿರಿಯರು: ಕ್ಲಾಕಿನವು?

ಹಿರಿಯರು: ಅವನ್ನು, ಹೊಸ ಬದಲಾವಣೆಗಳನ್ನು ಮುಖ್ಯ ಕರ್ನಲ್ಲಿಗೆ ಸೇರಿಸಿಕೊಳ್ಳುವ ಮರ್ಜ್ ವಿಂಡೋ ಮುಗಿದ ಮೇಲೆ, ಒಂದು ಸರಣಿಯಾಗಿ ಕಳುಹಿಸಿ. ರಿಮೂವ್ ಫಂಕ್ಷನ್ನಿನ ಷರತ್ತುಗಳ ಜೊತೆಗೆ, ಪ್ರೋಬಿನಲ್ಲಿ ಆ ಪಾಯಿಂಟರು ಎಲ್ಲಿ ತುಂಬಲ್ಪಡುತ್ತದೆ, ಅದಕ್ಕಿಂತ ಮುಂಚೆ ಸಫಲವಾಗಿ ಹಿಂದಿರುಗುವ ದಾರಿ ಯಾವುದಾದರೂ ಇದೆಯೇ ಎಂದು ಒಂದೊಂದು ಡ್ರೈವರಿನಲ್ಲಿಯೂ ನೋಡಿ ಬರೆಯಬೇಕು. ಅಂಥ ದಾರಿಯೊಂದು ಸಿಕ್ಕಿದರೆ ಅಲ್ಲಿನ ಷರತ್ತು ವ್ಯರ್ಥವಲ್ಲ. ಆ ಡ್ರೈವರಿನ ಪ್ರೋಬನ್ನೇ ತಿದ್ದಬೇಕಾಗುತ್ತದೆ. ನಿಮ್ಮ ಪಟ್ಟಿಯ ಮೊದಲನೆಯ ಕಡತ ಯಾವುದು? ತೆರೆಯಿರಿ, ಪ್ರೋಬಿನಿಂದ ಓದೋಣ.